ಹೆಪ್ಪು ಹಾಕದ ಹಾಲು

ಬೇಸಿಗೆಯ ಒಂದು ಮಂಗಳವಾರ ಬೆಳಿಗ್ಗೆ. ಕಾಸಿದ ಹಾಲು ಉಗುರುಬೆಚ್ಚಗೆ ಆರಿದೆ, ಹೆಪ್ಪು ಹಾಕೋಣ ಅಂತ ಹೆಂಡತಿ ನೋಡುತ್ತಾಳೆ, ಮೊಸರಿನ ಬಟ್ಟಲು ಖಾಲಿ. ಯಾರ ಮನೆಯಲ್ಲಿ ಅಂತೀರಾ? ಊರಿಗೇ ದೊಡ್ಡ ಸಾಹುಕಾರನ ಮನೆಯಲ್ಲಿ!

"ಪಕ್ಕದ ಮನೆಯಿಂದ ಒಂದು ಚಮಚ ತರ್ತೀನಿ ರೀ."

"ತಡಿಯೇ, ಅವರ ಮೊಸರು ಹುಳಿ. ಯೋಚನೆ ಮಾಡೋಣ."

ಯೋಚನೆ ಮಾಡುವುದರಲ್ಲಿ ಅವನನ್ನು ಮೀರಿಸುವವರೇ ಇರಲಿಲ್ಲ ನೋಡಿ. ಮಗಳು ವಿಶ್ವವಿದ್ಯಾಲಯದಲ್ಲಿ ಬಯಾಲಜಿ ಓದುತ್ತೇನೆ ಅಂದಿದ್ದಳು. ಸೀಟೂ ಸಿಕ್ಕಿತ್ತು. ಒಪ್ಪಿಗೆ ಕಾಗದಕ್ಕೆ ಅಪ್ಪನ ಸಹಿ ಬಿದ್ದು ಸೋಮವಾರದೊಳಗೆ ಮುಟ್ಟಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ. ಆ ಕಾಗದ ಮೂರು ವಾರದಿಂದ ಕ್ಯಾಲೆಂಡರಿನ ಹಿಂದೆ ಕೂತಿದೆ! ಸಾಹುಕಾರ ಡಾಕ್ಟರನ್ನು ಕೇಳಿದ, ಮೇಷ್ಟರನ್ನು ಕೇಳಿದ, ಕಟಿಂಗ್ ಅಂಗಡಿಯವನನ್ನೂ ಕೇಳಿದ. ಒಬ್ಬರು "ಓದಿಸಿ" ಅಂದರು, ಇನ್ನೊಬ್ಬರು "ಕಪ್ಪೆ ಕೊಯ್ಯೋಕೆ ಅಷ್ಟು ದೂರ ಯಾಕೆ ಸ್ವಾಮಿ?" ಅಂದರು. ಎಲ್ಲರಿಗೂ ಹೌದು ಹೌದು ಅಂತ ತಲೆಯಾಡಿಸಿ ಬಂದ.

ಹಾಲಿನದೂ ಅದೇ ಪಾಡು. ಎದುರುಮನೆ ಮೊಸರು ನೀರು, ಮೂಲೆಮನೆಯದು ಲೋಳೆ. ಸಂಜೆ ಹಾಲು ಒಲೆಗಿಟ್ಟರೆ ಒಡೆದೇ ಹೋಯಿತು.

"ನಾನೇನೂ ಮಾಡಲೇ ಇಲ್ಲವಲ್ಲ!" ಅಂದ, ಪಾಪ.

ಮಗಳು ನಕ್ಕಳು. "ಅದಕ್ಕೇ ಅಪ್ಪಾ. ಹೆಪ್ಪಿನಲ್ಲಿರೋ ಬೇಕಾದ ಸೂಕ್ಷ್ಮಜೀವೀನ ನಾವು ಹಾಕದೇ ಇದ್ರೆ, ಬೇಡದ್ದು ತಾನೇ ಬಂದು ಸೇರ್ಕೊಳ್ಳುತ್ತೆ. ನಿಮ್ಮ ಯೋಚನೆ ಮುಗಿಯೋವರೆಗೂ ಹಾಲು ಹಾಲಾಗೇ ಇರುತ್ತಾ?"

"ಯಾರೇ ಹೇಳಿಕೊಟ್ಟಿದ್ದು ಇದನ್ನ?"

"ಬಯಾಲಜಿ ಪುಸ್ತಕ."

ಸಾಹುಕಾರನ ಕಣ್ಣು ಕ್ಯಾಲೆಂಡರಿನ ಕಡೆ ಹೋಯಿತು. ಊರನ್ನೆಲ್ಲ ಕೇಳಿದವನು, ಓದಬೇಕಾದವಳನ್ನೇ ಒಂದು ಮಾತು ಕೇಳಿರಲಿಲ್ಲ! "ನಿಂಗೆ ಯಾಕಮ್ಮ ಅದೇ ಬೇಕು?" ಅಂತ ಮೊದಲ ಸಲ ಕೇಳಿದ. ಅವಳು ಹೇಳಿದಳು, ಒಡೆದ ಹಾಲನ್ನೇ ಮುಂದಿಟ್ಟುಕೊಂಡು, ಗಂಟೆಗಟ್ಟಲೆ.

ನಗ್ತೀರಿ, ನಗಿ ತಾಯಂದಿರೇ, ನಗಿ ಅಪ್ಪಂದಿರೇ. ನಿಮ್ಮ ಮನೆ ಕ್ಯಾಲೆಂಡರಿನ ಹಿಂದೆ ಏನಿದೆ? ನಾಲ್ಕು ಜನರನ್ನು ಕೇಳಿ, ಬೇಡ ಅನ್ನಲ್ಲ. ಆದರೆ ಯಾರ ಬದುಕೋ ಅವರನ್ನು ಮೊದಲು ಕೇಳಿ. ಇವತ್ತು ಮನೆಗೆ ಹೋಗಿ ಕೈಕಾಲು ತೊಳೆದವರೇ ಆ ಕಾಗದ ಈಚೆ ತೆಗೀರಿ. ಮಕ್ಕಳನ್ನು ಎದುರಿಗೆ ಕೂರಿಸಿಕೊಳ್ಳಿ. ಹೂಂ ಅನ್ನಿ, ಊಹೂಂ ಅನ್ನಿ, ನೋಡೋಣ ಅನ್ನಬೇಡಿ.

ಸಾಹುಕಾರನ ಸಹಿ ಬಿತ್ತೇ? ಬಿತ್ತು. ಆದರೂ ಮಾರನೆಯ ಬೆಳಿಗ್ಗೆ ಅಂಚೆ ಡಬ್ಬದ ಮುಂದೆ ಕಾಗದ ಹಿಡಿದು ನಿಂತೇ ಬಿಟ್ಟ, ಹಳೇ ಅಭ್ಯಾಸ! ಹಿಂದಿನಿಂದ ಹೆಂಡತಿ ಮೆಲ್ಲಗೆ, "ರೀ, ಹಾಲು..." ಅಂದಳು.

ಕಾಗದ ಡಬ್ಬದೊಳಗೆ ಬಿತ್ತು.