ರೋಮಿಗೆ ಹೋಗದ ಗಂಟೆ

ಶುಭ ಶುಕ್ರವಾರ ಮಧ್ಯಾಹ್ನದಿಂದಲೇ ಮಳೆ ಹಿಡಿದಿತ್ತು. ಚೌಕದ ಮೂಲೆಯಲ್ಲಿದ್ದ ಸಿಡೋನಿ ಅಜ್ಜಿಯ ಕಾಫಿ ಅಂಗಡಿಗೆ ಅಂದು ರಜೆ. ಆದರೂ ಹಿಂದಿನ ಅಡುಗೆಮನೆಯ ಒಲೆಯ ಸುತ್ತ ನೆರೆಯವರು ಒದ್ದೆ ಕೋಟುಗಳಲ್ಲೇ ಬಂದು ಸೇರಿದ್ದರು. ಉಪ್ಪುಮೀನಿನ ವಾಸನೆ ಇನ್ನೂ ಹೋಗಿರಲಿಲ್ಲ. ಲೀವಿನಾ ಕಿಟಕಿಯ ಪಕ್ಕದ ಸ್ಟೂಲನ್ನು ಹಿಡಿದಿದ್ದಳು. ಅಲ್ಲಿಂದ ಎದುರಿನ ನಗರಸಭೆಯ ಗಂಟೆ ಗೋಪುರವೂ ಅದರ ಎತ್ತರದಲ್ಲಿ ಉರಿಯುತ್ತಿದ್ದ ಒಂದು ದೀಪವೂ ಕಾಣುತ್ತಿದ್ದವು. ಅವಳ ಗಂಡ ಆರ್ನೌಟ್ ಅಲ್ಲಿ ಒಬ್ಬನೇ ಕೆಲಸ ಮಾಡುತ್ತಿದ್ದ. ಅವರು ಈ ಊರಿಗೆ ಬಂದ ಮೇಲೆ ಇದೇ ಮೊದಲ ಈಸ್ಟರ್.

"ಅಮ್ಮಾ, ಗಂಟೆಗಳೆಲ್ಲ ರೋಮಿಗೆ ಹಾರಿಹೋದ್ವಾ?" ಬೇಕರಿಯ ಝುಲ್ಮಾಳ ಮಗಳು ಕೇಳಿದಳು.

"ಹೂಂ ಕಣೇ. ಯೇಸು ಸತ್ತ ದುಃಖಕ್ಕೆ ಹೋಗಿವೆ, ಅದಕ್ಕೇ ನಿನ್ನೆಯಿಂದ ಬಾರಿಸ್ತಿಲ್ಲ. ನಾಳೆ ಮಕ್ಕಳಿಗೆ ಈಸ್ಟರ್ ಮೊಟ್ಟೆ ಹೊತ್ಕೊಂಡು ಬರ್ತಾವೆ. ಸುಮ್ನೆ ತಿನ್ನು."

"ಎಲ್ಲಾ ಹೋಗಿಲ್ಲ," ಎಂದಳು ಸಿಡೋನಿ ಅಜ್ಜಿ. "ಒಂದು ಹೋಗಲ್ಲ."

"ಅಜ್ಜಿ, ಮಗು ಮುಂದೆ ಬೇಡ."

"ಮಗು ಮುಂದೆ ಬೇಡ... ಇಂಥ ಮಾತೇ ಕಣೇ ಅವತ್ತು ನಮ್ಮಪ್ಪನ್ನ ಕೊಂದಿದ್ದು."

ಅಜ್ಜಿ ಕುಂಟುಕಾಲನ್ನು ಒಲೆಯ ಕಡೆ ಚಾಚಿದಳು.

"ನಮ್ಮಪ್ಪ ಪೋಲಿದೋರ್, ಈ ಹುಡುಗಿ ಗಂಡ ಈಗ ಮಾಡ್ತಿದಾನಲ್ಲ, ಅದೇ ಕೆಲಸದವನು. ಮೇಲೆ ಒಂದು ಕಬ್ಬಿಣದ ಉರುಳೆ ಇದೆ, ಬಿಯರ್ ಗಾಡಿಯಷ್ಟು ದಪ್ಪ, ಮೈತುಂಬ ಮೊಳೆ... ಅದು ಉರುಳ್ತಾ ಉರುಳ್ತಾ ಮೊಳೆ ತಂತಿ ಎಳೆಯುತ್ತೆ, ತಂತಿ ಸುತ್ತಿಗೆ ಎತ್ತುತ್ತೆ, ಸುತ್ತಿಗೆ ಗಂಟೆ ಮೇಲೆ ಬೀಳುತ್ತೆ, ಊರು ಹಾಡು ಕೇಳುತ್ತೆ. ಹಬ್ಬಕ್ಕೆ ಹೊಸ ಹಾಡು ಬೇಕು ಅಂದ್ರೆ ಮೊಳೆಗಳನ್ನ ಕಿತ್ತು ಬೇರೆ ಕಡೆ ಕೂರಿಸಬೇಕು. ಯಾವಾಗ ಮಾಡ್ತೀರಿ ಅದನ್ನ? ಗಂಟೆ ಸುಮ್ಮನಿರೋ ಈ ದಿನಗಳಲ್ಲೇ ತಾನೆ?

"ಅಪ್ಪ ಚರ್ಚಿಗೆ ಕಾಲಿಡ್ತಿರಲಿಲ್ಲ. ಗಿರಣಿಯವರ ಜೊತೆ ಕೆಂಪು ಬಾವುಟ ಹಿಡ್ಕೊಂಡು ನಡೀತಿದ್ದ. ಗೋಪುರ ಊರಿನದು, ಪಾದ್ರೀದಲ್ಲ ಅಂತಿದ್ದ. ಒಂದ್ಸಲ ಕುಡಿದ ಗುಂಗಲ್ಲಿ, 'ಶುಭ ಶುಕ್ರವಾರವೇ ಒಂದು ಕುಣಿತದ ಹಾಡು ಬಿಡ್ತೀನಿ, ನಿಮ್ಮ ಪಾದ್ರಿ ಕುಣೀಲಿ' ಅಂದಿದ್ದ. ತಮಾಷೆ... ಆದ್ರೆ ಊರು ಅದನ್ನ ಮರೀಲಿಲ್ಲ.

"ಆ ಶುಕ್ರವಾರ ಪ್ರಾರ್ಥನೆ ಮುಗಿದು ಚೌಕದ ತುಂಬ ಜನ. ಆಗ ಬಾರಿಸ್ತು. ಎಲ್ಲಕ್ಕಿಂತ ಚಿಕ್ಕ ಗಂಟೆ... ಟಿಣ್... ಟಿಣ್... ರಾಗ ಇಲ್ಲ, ತಾಳ ಇಲ್ಲ. ಎಲ್ಲರೂ ತಲೆ ಎತ್ತಿದ್ರು. ಏನಂದ್ರು ಗೊತ್ತಾ? 'ನೋಡಿ, ಆ ನಾಸ್ತಿಕ ಶುರುಮಾಡ್ದ!' ಮಕ್ಕಳು 'ಅಮ್ಮಾ, ಗಂಟೆ!' ಅಂದ್ವು. 'ಗಂಟೆ ರೋಮಿನಲ್ಲಿದೆ, ನಿನಗೇನೂ ಕೇಳಿಸ್ಲಿಲ್ಲ.' ಪ್ರತಿ ಮನೇಲೂ ಅದೇ ಮಾತು, ಪ್ರತಿ ಮನೇಲೂ ಕಿಟಕಿ ಮುಚ್ಚಿದ್ದು. ನಾನೂ ಅಂದೆ, ಅಮ್ಮಾ ಗಂಟೆ ಅಂತ. ಬೆಳಿಗ್ಗೆ ಅಪ್ಪ ಅಮ್ಮ ಇಬ್ಬರಿಗೂ ಪ್ರಾರ್ಥನೆ ವಿಷಯಕ್ಕೇ ಜಗಳ ಆಗಿತ್ತು. ನಮ್ಮಮ್ಮ ಇದೇ ಕಿಟಕೀನ, ನೀನು ಕೂತಿದ್ದೀಯಲ್ಲ ಹುಡುಗಿ, ಇದನ್ನೇ ಎಳೆದು ಮುಚ್ಚಿದಳು. 'ಕೈ ಸೋಲೋವರೆಗೂ ಬಾರಿಸ್ಲಿ' ಅಂದಳು... ಸೋಲ್ತು. ಕತ್ತಲಾಗೋ ಹೊತ್ತಿಗೆ ಸೋಲ್ತು."

ಅಜ್ಜಿ ಒಲೆಗೆ ಒಂದು ಕಟ್ಟಿಗೆ ಹಾಕಿದಳು.

"ಶನಿವಾರ ಕಾವಲುಗಾರ ಹತ್ತಿ ನೋಡ್ದ. ಉರುಳೆ ಜಾರಿ ತಿರುಗಿತ್ತು. ಅಪ್ಪನ ಬಲಗೈ ಭುಜದವರೆಗೂ ಅದರೊಳಗೆ ಸಿಕ್ಕಿತ್ತು. ಎಡಗೈಗೆ ಎಟುಕಿದ್ದು ಒಂದೇ ತಂತಿ, ಆ ಚಿಕ್ಕ ಗಂಟೇದು, ಅದು ಬೆರಳಿಗೆ ಸುತ್ಕೊಂಡೇ ಇತ್ತು. ಆ ಹೊತ್ತಲ್ಲಿ ಊರ ಮಕ್ಕಳು ಹಿತ್ತಲಲ್ಲಿ ಮೊಟ್ಟೆ ಹುಡುಕ್ತಿದ್ವು... ಅವತ್ತಿನಿಂದ ಪ್ರತಿ ವರ್ಷ ಈ ದಿನ ಬಾರಿಸ್ತಾನೆ. ಪೋಲಿದೋರನ ದೆವ್ವ ಅಂತೀರಿ. ದೆವ್ವ ಅಂದ್ಬಿಟ್ರೆ ಎಷ್ಟು ಅನುಕೂಲ ನೋಡಿ, ಯಾರೂ ಮೆಟ್ಟಿಲು ಹತ್ತಬೇಕಾಗಿಲ್ಲ! ಅವನಿಗೆ ಬೇಕಾಗಿರೋದು ಇಷ್ಟೇ... ಯಾರಾದ್ರೂ ಮೇಲೆ ಬಂದು 'ಕೇಳಿಸ್ತು' ಅನ್ಬೇಕು."

"ನೀನೇ ಹತ್ತಬಹುದಿತ್ತಲ್ಲ?" ಎಂದ ಕಟುಕರ ಕಾಮಿಲ್.

"ಹುಟ್ಟಿದಾಗಿನಿಂದ ಈ ಕಾಲು, ಗೊತ್ತಿಲ್ವಾ? ಬೆನ್ನ ಮೇಲೆ ಹೊತ್ಕೊಂಡು ಹೋಗೋ ಅಂತ ಎಷ್ಟು ವರ್ಷದಿಂದ ಕೇಳ್ತಿದೀನಿ. ಇಡೀ ಹಂದಿ ಹೊರ್ತೀಯ, ನನ್ನ ಕಂಡ್ರೆ ಮಾತ್ರ ನಿನಗೆ ಸೊಂಟ ನೋವು."

ನಗು ಇನ್ನೂ ಮುಗಿದಿರಲಿಲ್ಲ. ಗೋಪುರದ ದೀಪ ಆರಿತು.

ಟಿಣ್... ಟಿಣ್...

ಎಲ್ಲರೂ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. "ಅಮ್ಮಾ, ಗಂಟೆ!" ಎಂದಿತು ಮಗು. "ನಿನಗೇನೂ ಕೇಳಿಸ್ಲಿಲ್ಲ," ಎಂದಳು ಝುಲ್ಮಾ.

"ಅವರು ಮೇಲಿದಾರೆ," ಲೀವಿನಾ ಎದ್ದು ನಿಂತಿದ್ದಳು. "ನಮ್ಮನೆಯವರು ಮೇಲಿದಾರೆ!"

"ಕೂತ್ಕೋ ತಾಯಿ, ಅದು ಪೋಲಿದೋರ್," ಎಂದ ಕಾಮಿಲ್.

"ನಮ್ಮಪ್ಪನೋ, ಇವಳ ಗಂಡನೋ," ಎಂದಳು ಅಜ್ಜಿ, "ಇಲ್ಲಿ ಕೂತವರಿಗೆ ಹೇಗೆ ಗೊತ್ತಾಗುತ್ತೆ?"

ಲೀವಿನಾ ತಲೆಗೆ ಏನೂ ಹಾಕದೆ ಓಡಿದಳು. ಚೌಕದ ಸುತ್ತ ಕಿಟಕಿಗಳು ಒಂದಾದ ಮೇಲೊಂದು ಮುಚ್ಚಿಕೊಳ್ಳುತ್ತಿದ್ದವು. ಗೋಪುರದ ಬುಡದ ಬಾಗಿಲಲ್ಲಿ ಆರ್ನೌಟ್ ನಿಂತಿದ್ದ, ಕೈಯಲ್ಲಿ ಬೀಗದ ಕೈ. ಅವಳು ಅವನ ಎರಡೂ ಕೈಗಳನ್ನು ಹಿಡಿದು ಭುಜದವರೆಗೂ ಸವರಿ ನೋಡಿದಳು. ಪೂರ್ತಿ ಇದ್ದವು. ಅಳು ಬಂತು.

"ಸುತ್ತಿಗೆಗಳನ್ನೆಲ್ಲ ಕಟ್ಟಿಟ್ಟು ಇಳಿದೆ ಲೀವಿನಾ," ಅವನ ಹಲ್ಲು ಕಟಕಟ ಅನ್ನುತ್ತಿತ್ತು. "ಒಂದೂ ಅಲ್ಲಾಡೋ ಹಾಗಿಲ್ಲ."

ಮೇಲೆ ಗಂಟೆ ಬಾರಿಸುತ್ತಲೇ ಇತ್ತು. ತೆರೆದ ಬಾಗಿಲಿನೊಳಗೆ ಮೆಟ್ಟಿಲುಗಳು ಕತ್ತಲಿಗೆ ಸುತ್ತಿಕೊಂಡು ಹೋಗಿದ್ದವು. ಲೀವಿನಾ ಒಂದು ಕಾಲು ಮೊದಲ ಮೆಟ್ಟಿಲಿನ ಮೇಲಿಟ್ಟಳು. ಕಲ್ಲು ತಣ್ಣಗಿತ್ತು. ಆಮೇಲೆ ಕಾಲು ತೆಗೆದಳು. ಅವನು ಬೀಗ ಹಾಕಿದ. ಅವಳು ತಡೆಯಲಿಲ್ಲ.

ಆರ್ನೌಟ್‌ನನ್ನು ಮನೆಗೆ ಕಳಿಸಿ ಲೀವಿನಾ ಅಡುಗೆಮನೆಗೆ ಮರಳಿದಾಗ ಒಲೆಯ ಬಳಿ ಜಾಗ ಬಿಟ್ಟರು. ಯಾರೋ ಬಿಸಿ ಕಾಫಿ ಕೊಟ್ಟರು. ಗಂಟೆ ಆಗ ತಡೆತಡೆದು ಬಾರಿಸುತ್ತಿತ್ತು.

"ಗಂಡ ಸಿಕ್ಕಿದ್ನಾ ಹುಡುಗಿ?" ಅಜ್ಜಿ ಕೇಳಿದಳು.

"ಸಿಕ್ಕಿದ್ರು."

"ಮೇಲೆ ಹತ್ತಿದ್ಯಾ?"

ಲೀವಿನಾ ಬಟ್ಟಲಿನೊಳಗೆ ನೋಡಿದಳು.

"ಆಯ್ತು ಬಿಡು," ಅಜ್ಜಿ ಕುಂಟುತ್ತ ಎದ್ದು, ಗೋಪುರದ ಕಡೆಯ ಅದೇ ಕಿಟಕಿಯನ್ನು ತಾನೇ ಎಳೆದು ಮುಚ್ಚಿದಳು. "ಬರೋ ವರ್ಷವೂ ಬಾರಿಸ್ತಾನೆ."