ರಾಜ ಜಿಗಿದ ಆಟ

ಅದಿರಲಿ, ಮೊದಲು ಕೂಡು ಪ್ರಾಜಕ್ತಾ. ಕಾರ್ಖಾನ್ಯಾಗ ದಿನಾ ನಿಂತ ಕಾಲು, ಚಾಚಿ ಕೂಡು. ಕಪ್ ಎಲ್ಲೂ ಓಡಿ ಹೋಗೂದಿಲ್ಲ, ನನ್ನ ತೊಡಿ ಮ್ಯಾಲೇ ಐತಿ. ನಿಮ್ಮಜ್ಜಿ ಹ್ಯಾಂಗ ಗೆದ್ಲು ಕೇಳು.

ಸೋಲಾಪುರದಾಗ ಮುದುಕೇರ ಬುದ್ಧಿಬಳ, ಅಂದ್ರ ಚದುರಂಗದ ಸ್ಪರ್ಧಾ. ಹೆಸರು ಹಚ್ಚಿದಾಕಿ ನೀನೇ. ಕಡೀ ಆಟಕ್ಕ ನನ್ನ ಮುಂದ ಕುಂತಾಕಿ ಜಾನಕೀಬಾಯಿ, ಆಫೀಸಿನ್ಯಾಗ ಕ್ಲಾರ್ಕ್ ಇದ್ದು ರಿಟೈರ್ ಆದಾಕಿ. ಇಸ್ತ್ರಿ ಸೀರಿ, ಕನ್ನಡಕ. ನಾನೋ, ನಮ್ಮೂರು ತಡವಳದಿಂದ ಬಸ್ಸಿನ್ಯಾಗ ವಾಂತಿ ಮಾಡಿಕೋತ ಹೋಗಿ, ಖುರ್ಚಿ ಮ್ಯಾಲ ಚಕ್ಕಳಮಕ್ಕಳ ಹಾಕಿ ಕುಂತಾಕಿ... ಯಾಕ ನಗತಿ? ನೆಲದ ಮ್ಯಾಲ ಕಲಿತ ಆಟ ಅದು. ಕಾಲು ಇಳಿಬಿಟ್ರ ನನಗ ಒಂದು ನಡಿನೂ ಹೊಳಿಯೂದಿಲ್ಲ.

ಹೋಗೂ ಮುಂದ ಬಾಜೂ ಓಣಿ ಸಕ್ಕುಬಾಯಿಗೆ ಹೇಳಿದ್ನಿ, ಕಪ್ ತರದಿದ್ರ ನಿನ್ನ ಓಣ್ಯಾಗ ಕಾಲಿಡೂದಿಲ್ಲಂತ. ನನ್ನ ಬಾಯಿ ನೋಡು! ನೀರಿನ ನಳ ಇರೂದೇ ಆಕಿ ಓಣ್ಯಾಗ.

ಆಟ ಸುರು ಆತು. ನನ್ನ ವಜೀರ ಹೋದ, ಕುದರಿ ಹೋದ್ವು. ಉಳಿದದ್ದು ಒಂದು ಆನಿ. ಆ ಆನಿಗೆ ಆಕಿ ರಾಜನ ಮ್ಯಾಲ ಹೋಗೂ ದಾರಿ ನೆಟ್ಟಗಿತ್ತು, ನಡುವ ಅಡ್ಡ ನಿಂತಾಂವ ನನ್ನ ರಾಜನೇ! ಕರೀದ ಮದುವಿಗೆ ಬಂದ ಬೀಗರ ಹಂಗ ನಿಂತಿದ್ದ. ಸರಿಯಾಕ ಜಾಗಾ ಇಲ್ಲ, ಸುತ್ತ ಆಕಿ ಕಾಯಿ. ಆವಾಗ ನಿಮ್ಮಜ್ಜ ಹುಲೆಪ್ಪ ಕಲಿಸಿದ್ದು ಕೈಗೆ ಬಂತು. ನಮ್ಮ ಊರಾಟದಾಗ, ಅಲ್ಲೀ ತನಕ ಶಹ ಬೀಳದಿದ್ರ ರಾಜ ಒಮ್ಮೆ ಕುದರಿ ಹಂಗ ಜಿಗೀಬಹುದು. ಜಿಗಿಸಿಬಿಟ್ನಿ. ಆನಿ ದಾರಿ ತೆರೀತು. ಮಾತ್!

ಆಟದ ತೀರ್ಪು ಕೊಡೂ ಪಂಚ ಅತ್ತ ತಿರುಗಿ ಪೋಹೆ ತಿನ್ನಾಕತ್ತಿದ್ದ. ಜಾನಕೀಬಾಯಿ ಕನ್ನಡಕ ತಗದ್ಲು. ಹೋತು ಮಾನ, ಅನಕೊಂಡ್ನಿ. ಆಕಿ ಏನಂದ್ಲು ಗೊತ್ತೇನು?

"ನಮ್ಮಪ್ಪಾನೂ ಹಿಂಗ ಜಿಗಸ್ತಿದ್ದ. ನಾ ಮರತೇ ಬಿಟ್ಟಿದ್ನಿ ನೋಡ್ರಿ."

ಸೋಲು ಒಪ್ಪಿ ತನ್ನ ರಾಜನ್ನ ತಾನೇ ಅಡ್ಡ ಮಲಗಿಸಿದ್ಲು.

ಹೊಸ ಕಾಯ್ದೆ ನನಗೇನು ಗೊತ್ತು, ಸಾಲಿ ಕಾಣದಾಕಿಗೆ? ಸ್ಪರ್ಧಾದಾಗ ರಾಜ ಜಿಗಿಯೂದಿಲ್ಲಂತ ಒಲಿ ಮುಂದ ನೀ ಹೇಳಿದ್ದಿ, ಖರೆ. ಆದ್ರ ನನ್ನ ಲಕ್ಷ್ಯ ರೊಟ್ಟಿ ಮ್ಯಾಲಿತ್ತಲ್ಲ...

ನಗೂದು ಯಾಕ ಬಿಟ್ಟಿ? ಹಂಗ ನೋಡಬ್ಯಾಡ, ಪ್ರಾಜಕ್ತಾ...

ಹೌದು. ಆ ದಿನದ ರೊಟ್ಟಿ ಹೊತ್ತಿತ್ತು. ನಿಮ್ಮಪ್ಪ ಕೈಲಾಸ ಅದನ್ನೇ ಕೆರಕೊಂಡು ತಿಂದ. ಲಕ್ಷ್ಯ ರೊಟ್ಟಿ ಮ್ಯಾಲಿದ್ರ ಹೊತ್ತತಿತ್ತೇನು?

ಇನ್ನ ಯಾರ ಗತಿ ಏನಾತು, ಅದನ್ನೂ ಕೇಳಿಬಿಡು. ಪಂಚ ಪೋಹೆ ಮುಗಿಸಿ ನನಗ ಹಾರ ಹಾಕಿದ. ಜಾನಕೀಬಾಯಿ ಸೋತು, ಅಪ್ಪನ್ನ ನೆನಸಿ ನಕ್ಕೋತ ಮನಿಗೆ ಹೋದ್ಲು. ಸಕ್ಕುಬಾಯಿ ಓಣಿ ತುಂಬ ಪೇಢೆ ಹಂಚ್ಯಾಳ. ಈ ಕಪ್ ನಾಳೆ ಮುಂಜಾನಿ ಬಸ್ಸಿಗೆ ಜಾನಕೀಬಾಯಿ ಮನಿಗೆ ಹೊಂಟೈತಿ. ನಾನು... ನಾಡಿದ್ದಿನಿಂದ ನಳ ಬಿಟ್ಟು, ಕೊಡ ಹೊತ್ತು ದೂರದ ಬಾವಿಗೆ ಹೋಗಾಕಿ.