ಆಪಾನ ಬಾಗಲದಾಗ ಕುಂತ ದಿನ

ಅಲ್ಲೋ, ಜಗಳ ಹತ್ತಿದ್ದು ಒಂದು ಹರದ ಬಾವಟಾದ ಸಲುವಾಗಿ, ಅಷ್ಟ. ಯಾರು ಹರದ್ರು ಅನ್ನೂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನಾ ಆಗ ಹೊಸಾ ಕಾರ್ಪೊರೇಟರ್. ಊರಿನ ಆ ಕಡೆ ಕೊಂಡಾಪುರದಾಗ ಗಾಜಿನ ಆಫೀಸು ಏಳಾಕತ್ತಿದ್ವು, ನಿಮ್ಮವ್ವ ಅಲ್ಲೇ ಕಂಪ್ಯೂಟರ್ ಕೆಲಸಕ್ಕ ಹೊಸದಾಗಿ ಸೇರಿದ್ಲು. ಈ ಕಡೆ ಬೇಗಂ ಬಜಾರಿನ ಹಿಂದ ನಮ್ಮ ಹಿಂದೂಗಳ ಓಣಿ, ಎದುರಿಗೆ ಮುಸಲ್ಮಾನರ ಗಲ್ಲಿ, ನಡಕ ಒಂದು ನಳ. ಎರಡೂ ಕಡೆ ಹುಡುಗೋರು ಕಲ್ಲು ಗುಡ್ಡಿ ಹಾಕ್ಕೊಂಡು ನಿಂತಿದ್ರು. ನನಗ ಒಂದ ಚಿಂತಿ, ಕಲ್ಲು ಹಾರಿದ್ರ ಹೆಣ ಬೀಳ್ತಾವ ಅಂತ.

ಶಹನಾಜ್ ಆಪಾ ಅಂತ ಇದ್ಲು, ಆಪಾ ಅಂದ್ರ ಅಕ್ಕ, ಆ ಗಲ್ಲಿ ಲೀಡರ್. ಇಲೆಕ್ಷನ್‌ನ್ಯಾಗ ನನ್ನ ಎದುರಿಗೆ ಸೋತಾಕಿ. ಬೀದರ ಕಡೆಯಾಕಿ, ಕನ್ನಡ ನನಗಿಂತ ಖಡಕ್. ನಮ್ಮಿಬ್ಬರಿಗೂ ಮಾತಿರಲಿಲ್ಲ. ಅವತ್ತ ಆಕೀನ ನಳದ ಹತ್ರ ಬಂದ್ಲು. "ಶಾಂತಿ ಸಭಾ ಕರಿಯೂಣೇನ್ರಿ ಆಪಾ?" ಅಂದೆ.

"ಸಭಾದಾಗ ಚಾ ಕುಡೀತಾರ ತಂಗಿ, ಹೊರಗ ಬಂದು ಕಲ್ಲು ಹಿಡೀತಾರ. ನೀ ಬಂದು ನನ್ನ ಬಾಗಲದಾಗ ಕುಂದ್ರು, ನಾ ಹೋಗಿ ನಿನ್ನ ಬಾಗಲದಾಗ ಕುಂದರ್ತೀನಿ. ಯಾರ ಕಲ್ಲು ಯಾರಿಗೆ ಬೀಳ್ತಾವ ನೋಡೂಣು."

ಹೋದೆ. ಆಕಿ ನಮ್ಮ ಮನಿ ಕಡೆ ನಡದ್ಲು. ನನಗ ಕುಂತಲ್ಲಿ ಕುಂದ್ರಾಕ ಆಗವಲ್ದು, ನಿಂದ್ರಾಕೂ ಆಗವಲ್ದು. ಆಪಾನ ಅವ್ವ, ಅಲ್ಲಲ್ಲ, ಆಕಿ ಅತ್ತಿ, ಅಕ್ಕಿ ಮೊರ ಕೈಗೆ ಕೊಟ್ಟು "ಆರಿಸ್ಕೋತ ಕುಂದ್ರು" ಅಂದ್ರು. ಮೊಬೈಲ್ ಒಂದಸವನ ಬಡ್ಕೊಳ್ಳಾಕತ್ತಿತ್ತು, ನಮ್ಮ ಪಾರ್ಟಿ ಮಂದಿ: "ಅಕ್ಕಾರ, ಎದ್ದು ಬರ್ರಿ, ವೋಟು ಹೋಗ್ತಾವ." ಕೈ ಮೊರದಾಗ, ಕಣ್ಣು ಓಣಿ ಕಡೆ. ಆ ಮುದುಕಿ ಮೆಲ್ಲಕ "ಬೇಟಿ, ಕಲ್ಲು ಯಾವಾಗೋ ಮುಗದ್ವು, ಈಗ ಅಕ್ಕಿ ಆರಿಸಿ ಒಗ್ಯಾಕತ್ತಿ" ಅಂದ್ರು.

ಅಷ್ಟರಾಗ ಒಂದು ಕಲ್ಲು ಬಂದು ನನ್ನ ಕಾಲ ಹತ್ರ ಬಿತ್ತು. ನಮ್ಮ ಓಣೀದ. ಗಲ್ಲಿ ಹುಡುಗೋರು ಧಡಕ್ಕನ ಎದ್ರು. ಆಗ ಆ ಕಡೆಯಿಂದ ನಮ್ಮತ್ತಿ ದನಿ ಕೇಳಿಸ್ತು ನೋಡು, ಪರಜಾತಿಯವರಿಗೆ ನೀರಿನ ತಂಬಗಿ ಸುದ್ದಾ ಮುಟ್ಟಗೊಡದ ನಮ್ಮತ್ತಿ: "ಯಾವನೋ ಅವ? ಆಪಾ ನಮ್ಮ ಕಟ್ಟಿ ಮ್ಯಾಲ ಚಾ ಕುಡ್ಯಾಕತ್ತಾಳ. ಮನಿಗೆ ಬಂದಾಕಿ ಎದ್ದು ಹೋಗೂತನಕ ಕಲ್ಲು ಎತ್ತಿದ್ರ ಕೈ ಮುರೀತೀನಿ."

ನಾವಿಬ್ಬರೂ ಏಳಲಿಲ್ಲ. ಹೊತ್ತು ಮುಳಗೂತನಕ ಏಳಲಿಲ್ಲ. ಹುಡುಗೋರು ನಿಂತು ನಿಂತು ಬ್ಯಾಸತ್ತು ಹೋದ್ರು. ಮುಂದಿನ ಇಲೆಕ್ಷನ್‌ನ್ಯಾಗ ನಾನೂ ಸೋತೆ, ಆಪಾನೂ ಸೋತ್ಲು. ಹೆಣ ಮಾತ್ರ ಬೀಳಲಿಲ್ಲ.

ಮಂದಿ ಬರ್ತಿರಬೇಕು, ನಾವೂ ಹೋಗ್ತಿರಬೇಕು, ಅಷ್ಟ. ಏ, ಆ ಬಾಗಲಾ ಯಾಕ ಹಾಕ್ದಿ? ತಗೀ.